ಅಧ್ಯಕ್ಷರ ಅರ್ಧ ಪಾಲು

ತಂಗಿ ಫರಹತ್,

ನಾನು ಮೊರಬದ ಹತ್ತಿ ಸಂಘದ ಅಧ್ಯಕ್ಷ ಶಿದ್ಲಿಂಗಪ್ಪ. ಹೋದ ಶ್ರಾವಣದಲ್ಲಿ ನಿನ್ನನ್ನು ಚಹಾ ಮುಗಿಸಲಿಕ್ಕೂ ಬಿಡದೆ ಎಬ್ಬಿಸಿ ಕಳಿಸಿದವನು. ಈ ಕಾಗದ ಹರಿಯಬೇಕು ಅನ್ನಿಸಿದರೆ ಹರಿ. ಆದರೆ ಪೂರ್ತಿ ಓದಿ ಹರಿ. ಫೋನ್ ಮಾಡಬಹುದಿತ್ತು; ಫೋನಿನಲ್ಲಿ ನನಗೆ ಬೇಗ ಸಿಟ್ಟು ಬರುತ್ತದೆ. ಬರೆಯುವಾಗ ಒಂದು ಸಾಲು ಮುಗಿಯುವಷ್ಟರಲ್ಲಿ ಅದು ಆರಿರುತ್ತದೆ.

ಸಂಘಕ್ಕೆ ಒಂದು ದೊಡ್ಡ ಸರ್ವರ್ ಬೇಕಿತ್ತು. ಯಂತ್ರ ಒಂದೇ, ಒಳಗೆ ಮೂರು ಭಾಗ: ಟ್ರ್ಯಾಕ್ಟರ್ ತೂಗುವ ಕಾಟಾಕ್ಕೊಂದು, ಗುದಾಮಿನ ದಾಸ್ತಾನಿಗೊಂದು, ಅಧ್ಯಕ್ಷರ ಕೋಣೆಗೊಂದು. ಅದನ್ನು ಮಾರಲು ನೀನು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದೆ. ಒಂದು ಇಂಗ್ಲಿಷ್ ಕಾಗದ ಮೇಜಿನ ಮೇಲಿಟ್ಟು, ವಹಿ ತೆಗೆದು ಪ್ರಶ್ನೆ ಶುರು ಮಾಡಿದೆ. ಸುಗ್ಗಿಯಲ್ಲಿ ದಿನಕ್ಕೆ ಎಷ್ಟು ಟ್ರ್ಯಾಕ್ಟರ್? ಗದ್ದಲ ಯಾವ ತಾಸಿನಲ್ಲಿ? "ಕಾಕಾರ, ಗುದಾಮಿನ್ಯಾಗ ನಡುವ ಗ್ವಾಡಿ ಹಾಕಿದಂಗರಿ ಇದು. ಹಾಕೂದೇನು ಸಸಾರ. ಎಲ್ಲಿ ಹಾಕಬೇಕು ಅನ್ನೂದ ಕೆಲಸ," ಅಂದೆ. ಕೊನೆಗೆ ಕೇಳಿದೆ: "ಮಷಿನ್ನಿಗೆ ಭಾರ ಆತಂದ್ರ ಮೊದಲ ಯಾವ ಭಾಗ ನಿಲ್ಲಸೂಣ್ರಿ?"

ನನ್ನ ತಲೆ ಕೆಟ್ಟಿತು. "ನೀ ಮಷಿನ್ ಮಾರಾಕ ಬಂದೀಯೋ, ಜನಗಣತಿ ಮಾಡಾಕ ಬಂದೀಯೋ? ನಮ್ಮಲ್ಲಿ ಯಾವುದೂ ನಿಲ್ಲಂಗಿಲ್ಲ. ಏಳವಾ ಮ್ಯಾಲೆ!" ಅಂದೆ. ನೀನು ಚೀಲ ಹೆಗಲಿಗೆ ಹಾಕಿಕೊಂಡು, "ಉತ್ತರ ಸಿಕ್ಕ ದಿನ ತಿಳಸ್ರಿ," ಅಂದು ಹೋದೆ.

ನಿಜ ಹೇಳುತ್ತೇನೆ. ನಿನ್ನ ಒಂದು ಪ್ರಶ್ನೆಗೂ ನನಗೆ ಉತ್ತರ ಗೊತ್ತಿರಲಿಲ್ಲ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಮಗಳ ವಯಸ್ಸಿನವಳ ಮುಂದೆ ಗೊತ್ತಿಲ್ಲ ಅನ್ನಲಿಕ್ಕೆ ನಾಲಿಗೆ ಏಳಲಿಲ್ಲ.

ನಿನ್ನ ಹಿಂದೆಯೇ ಸುಭಾಸ ಅನ್ನುವವ ಬಂದ. ಅವನೂ ನಿನ್ನಂತೆ ಯಂತ್ರ ಮಾರುವವನೇ. ಅವನು ಏನೂ ಕೇಳಲಿಲ್ಲ, ನನಗೆ ಶಾಲು ಹೊದಿಸಿದ. "ಅಧ್ಯಕ್ಷರಿಗೆ ಅರ್ಧಾ ಪಾಲು ಇರಬೇಕ್ರಿ ಯಜಮಾನ್ರ, ಉಳಿದದ್ದು ಉಳಿದವರಿಗೆ," ಅಂದ. ಸಂಚಾಲಕರೆಲ್ಲ ಹೌದು ಹೌದು ಅಂದರು, ಯಂತ್ರ ಅವನಿಂದಲೇ ಕೊಂಡೆವು. ಊಟದ ಪಂಕ್ತಿಯಲ್ಲಿ ಹಿರಿಯರ ಎಲೆಗೆ ಮೊದಲು ಬಡಿಸಿದಂತೆ ಯಂತ್ರದಲ್ಲಿಯೂ ನನಗೆ ಬಡಿಸಿದರು. ನಾನು ಉಂಡೆ.

ಸುಗ್ಗಿಯ ನಡುವೆ, ಬನದ ಹುಣ್ಣಿವೆಯ ಮರುದಿನ ಕಾಟಾ ನಿಂತಿತು. ತುಂಬಿದ ಟ್ರ್ಯಾಕ್ಟರ್ ತೂಗಿ, ಹತ್ತಿ ಇಳಿಸಿ, ಖಾಲಿ ಟ್ರ್ಯಾಕ್ಟರನ್ನು ಮತ್ತೆ ತೂಗಿದರೇ ಲೆಕ್ಕ. ಒಳಗಿದ್ದವು ಹೊರಗೆ ಹೋಗುವಂತಿಲ್ಲ, ಹೊರಗಿದ್ದವು ಒಳಗೆ ಬರುವಂತಿಲ್ಲ. ಸಾಲು ಬಸ್ ಸ್ಟ್ಯಾಂಡಿನ ತನಕ ಹೋಯಿತು. ಸಂಘದ ಸದಸ್ಯ, ತಿರ್ಲಾಪುರದ ಹೊಳೆಪ್ಪ ಟ್ರ್ಯಾಕ್ಟರಿನಿಂದ ಇಳಿದು ಬಂದು, "ಲೇ ಶಿದ್ಲಿಂಗಾ, ನಿನ್ನ ಮಷಿನ್ ಮಲಗೇತಿ, ಒಂದು ಕೌದಿ ತಂದು ಹೊಚ್ಚಲೇನು?" ಅಂದ. ಎಲ್ಲರೂ ನಕ್ಕರು. ಕಾಟಾದಲ್ಲಿ ಕೂರುವ ಸುಮಂಗಲಾ ಮಾತ್ರ ನಗಲಿಲ್ಲ. "ಯಜಮಾನ್ರ, ನಿಮ್ಮ ಭಾಗ ಖಾಲಿ ಬಿದ್ದೈತ್ರಿ. ನನ್ನದರಾಗ ಉಸರಾಡಾಕ ಜಾಗಾ ಇಲ್ಲ," ಅಂದಳು.

ಆ ಅರ್ಧ ಯಂತ್ರದಲ್ಲಿ ನಾನೇನು ಮಾಡುತ್ತಿದ್ದೆ ಗೊತ್ತೇ? ಗೋಡೆಯ ಟಿವಿಯಲ್ಲಿ ಸಂಘದ ಅಂಗಳ ನೋಡುತ್ತಿದ್ದೆ. ಕಿಟಕಿಯಿಂದಲೂ ಅದೇ ಅಂಗಳ ಕಾಣುತ್ತದೆ.

ಸುಭಾಸನಿಗೆ ಫೋನ್ ಹಚ್ಚಿದೆ. "ನಾವು ಮಾರಾವ್ರು ಅಷ್ಟರಿ. ಒಳಗಿನ ಹಂಚಿಕಿಗೆ ಕಂಪನಿ ಪರೀಕ್ಷಾ ಪಾಸಾದವರು ಬೇಕು," ಅಂದ. ಮೊದಲು ಯಾಕೆ ಹೇಳಲಿಲ್ಲ ಅಂದರೆ, "ನೀವು ಕೇಳಲಿಲ್ಲಲ್ರಿ," ಅಂದ. ಫೋನ್ ಇಟ್ಟೆ. ಪಾಸಾದವರ ಪಟ್ಟಿಯನ್ನು ಸುಮಂಗಲಾ ಹುಡುಕಿ ಓದಿದಳು. ನಮ್ಮ ಸುತ್ತಮುತ್ತ ಇದ್ದದ್ದು ಎರಡೇ ಹೆಸರು. ಒಂದು ನಿನ್ನದು. ಅಂದು ನೀನಿಟ್ಟ ಇಂಗ್ಲಿಷ್ ಕಾಗದ ಆ ಪರೀಕ್ಷೆ ಪಾಸಾದ ಪ್ರಮಾಣಪತ್ರವೇ ಆಗಿತ್ತು. ನಾನು ಅದರ ಮೇಲೆ ಚಹಾದ ಕಪ್ಪು ಇಟ್ಟಿದ್ದೆ.

ಇನ್ನು ಎರಡು ತಿಂಗಳಿಗೆ ಹತ್ತಿ ಒಡೆಯುತ್ತದೆ. ಮತ್ತೊಮ್ಮೆ ಕಾಟಾ ನಿಂತರೆ ಹತ್ತಿ ಹೊರಗಿನ ವ್ಯಾಪಾರಿಗೆ ಹಾಕುತ್ತೇವೆ ಎಂದು ಸದಸ್ಯರು ಮುಖಕ್ಕೆ ಹೇಳಿದ್ದಾರೆ. ಹಾಗಾದರೆ ಇನ್ನೂರು ಮನೆ ಕೂಡಿ ಕಟ್ಟಿದ ಸಂಘಕ್ಕೆ ಬೀಗ. ಹೊಸ ಯಂತ್ರ ಬೇಡ, ಇದ್ದದ್ದು ಗಟ್ಟಿಯಾಗಿದೆ. ಅದರೊಳಗಿನ ಗೋಡೆ ಕೆಡವಿ ಸರಿಯಾಗಿ ಹಾಕುವವರು ಬೇಕು. ಸೋಮವಾರದ ಸಭೆಯಲ್ಲಿ ನಿನ್ನ ಹೆಸರು ಹೇಳುತ್ತೇನೆ. ಎಬ್ಬಿಸಿ ಕಳಿಸಿದ್ದನ್ನೂ ಹೇಳುತ್ತೇನೆ. ಹೊಳೆಪ್ಪ ನಗಲಿ.

ಕಾಟಾದ ಹಳೆಯ ಚೀಟಿ ಹರವಿಕೊಂಡು ಹದಿನೈದು ದಿನ ಕೂತೆ. ಸುಗ್ಗಿಯಲ್ಲಿ ದಿನಕ್ಕೆ ನೂರಾ ನಲವತ್ತು ಟ್ರ್ಯಾಕ್ಟರ್, ಒಂದೊಂದಕ್ಕೆ ಎರಡು ತೂಕ. ಗದ್ದಲ ಹನ್ನೊಂದರಿಂದ ಎರಡರ ತನಕ. ಉಳಿದ ಉತ್ತರಗಳು ಇದರ ಜೊತೆಗಿನ ಹಾಳೆಯಲ್ಲಿವೆ. ಅಕ್ಷರ ಸುಮಂಗಲಾಳದು, ಓದಲು ಬರುತ್ತದೆ.

ಕೊನೆಯ ಪ್ರಶ್ನೆಗೆ ಮಾತ್ರ ನಾನೇ ಬರೆಯುತ್ತೇನೆ. ಭಾರವಾದರೆ ಮೊದಲು ನನ್ನ ಭಾಗ ನಿಲ್ಲಿಸು. ಕಾಟಾ ನಿಲ್ಲಬಾರದು. ನನಗೆ ಕಿಟಕಿ ಇದೆ.

ಬಾ. ಈ ಸಲ ಚಹಾ ಮುಗಿಯುವ ತನಕ ಯಾರೂ ಎಬ್ಬಿಸುವುದಿಲ್ಲ. ನಿನ್ನ ವಹಿ ತುಂಬ ಪ್ರಶ್ನೆಗಳಿರಲಿ, ನಿನ್ನ ಕೈಗೆ ಎಂದೂ ಕೆಲಸ ತಪ್ಪದಿರಲಿ.

ಒಂದು ವರ್ಷ ತಡವಾಗಿ ಉತ್ತರ ಕೊಡುತ್ತಿರುವ
ಶಿದ್ಲಿಂಗಪ್ಪ