ಬಾಗಿಲಾಚೆ ಕಲಿತ ಹಾಡು

ಹದಿನಾಲ್ಕನೇ ತಾರೀಕು, ಮಂಗಳವಾರ ರಾತ್ರಿ.

ಮತ್ತೆ ನನ್ನ ದಿಂಬಿನ ಕೆಳಗಿನ ಡೈರಿಗೆ ಕೈ ಹಾಕಿದೆಯಾ, ಕಳ್ಳಿ? ಮೊಮ್ಮಗಳೆಂದು ಸುಮ್ಮನಿದ್ದರೆ ತಲೆಮೇಲೇ ಕೂತೆ. ಓದು, ಇವತ್ತಿನದು ನಿನಗೇ.

ನನಗಂತೂ ಸಾಕಾಗಿದೆ. ತನ್ನ ಹೊಲಿಗೆ ಕಾರ್ಖಾನೆಯ ಹೆಂಗಸರ ಪಾರ್ಟಿಯಲ್ಲಿ ನಿನ್ನಮ್ಮ ಆ ಜಪಾನಿ ಕಾರ್ಟೂನಿನ, ಅದೇ ನಿನ್ನ ಅನಿಮೆಯ, ಹಾಡು ಹಾಡುತ್ತೇನೆ ಎಂದದ್ದಕ್ಕೆ ಸಂಜೆ ನೀನು ಎಷ್ಟು ಕೂಗಾಡಿದೆ!

"ಅದು ಅಣ್ಣ ಸತ್ತಾಗ ತಂಗಿ ಹಾಡೋದಮ್ಮಾ! ಕುಣಿಯೋ ಹಾಡು ಬೇಕಾದಷ್ಟಿವೆ. ಅದನ್ನೇ ಹಾಡಿದ್ರೆ ನಾನು ಬರಲ್ಲ."

ನೀನು ದಡಾರನೆ ಬಾಗಿಲು ಹಾಕಿಕೊಂಡ ಮೇಲೆ ನಾನೇ ನಿನ್ನಮ್ಮನನ್ನು ಕೇಳಿದೆ, "ಅಲ್ವೇ, ಬೇರೆ ಹಾಡೇ ಸಿಗ್ಲಿಲ್ವಾ ನಿಂಗೆ?"

"ನಂಗೆ ಬರೋದು ಅದೊಂದೇ ಅತ್ತೆ. ಅವಳು ರೂಮಲ್ಲಿ ದಿನಾ ಹಾಕ್ತಾಳಲ್ಲ, ಆಚೆ ಬಟ್ಟೆ ಮಡಿಸ್ತಾ ಕಲ್ತೆ. ಒಳಗೆ ಕರೆಯಲ್ವಲ್ಲ ಅವಳು."

ಅದರ ಒಂದು ಮಾತೂ ಅವಳಿಗೆ ಅರ್ಥವಾಗದು. ಆದರೂ ಪಾತ್ರೆ ತೊಳೆಯುವಾಗ ಗುನುಗುತ್ತಾಳೆ.

ನಿಮ್ಮಿಬ್ಬರ ನಡುವೆ ಮಾತು ಹೊತ್ತು ನನ್ನ ಮಂಡಿ ಸವೆಯಿತು. ಕುಣಿಯುವ ಹಾಡೇ ಬೇಕೆಂದರೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀನೇ ಕಲಿಸು. ಇಲ್ಲವೇ ಅದನ್ನೇ ಹಾಡಲಿ, ನೀನು ಮುಂದಿನ ಸಾಲಿನಲ್ಲಿ ಕೂತು ಕೇಳು. ಯಾವುದೆಂದು ಇದರ ಕೆಳಗೇ ಬರೆ. ಪಾರ್ಟಿ ಒಂದನೇ ತಾರೀಕು. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಇಲ್ಲಿರಬೇಕು.