ಹಕ್ಕಿ ಮಡಕೆ

ಕೆಲಮಂಗಲ, ಹೊಲದ ಮನೆ
೧೬ ನವೆಂಬರ್ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಾವನವರಿಗೆ, ನಿಮ್ಮ ಸೊಸೆ ಪವಿತ್ರಳ ನಮಸ್ಕಾರಗಳು.

ನಿಮ್ಮ ಮಂಡಿನೋವು ಈಗ ಹೇಗಿದೆ? ಅವಲಪಲ್ಲಿಯ ಆ ಮನೆಗೆ ಎರಡು ಮಹಡಿ ಹತ್ತಬೇಕು, ಕೈ ಹಿಡಿಕೆಯೂ ಸರಿಯಿಲ್ಲ ಎಂದು ಗಂಗರತ್ನಕ್ಕ ಹೇಳುತ್ತಿದ್ದರು. ಮಗಳ ಮನೆಯಲ್ಲಿ ಯಾರೂ ನಿಮಗೆ ಮೇಲೆ ಕೆಳಗೆ ಓಡಾಡಿ ಎಂದು ಹೇಳುವುದಿಲ್ಲ, ಒಂದು ಕಡೆ ಕೂತಿರಿ. ಸಕ್ಕರೆ ಮಾತ್ರೆ ಊಟಕ್ಕೆ ಮುಂಚೆ, ಊಟವಾದ ಮೇಲೆ ಅಲ್ಲ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನು ಮಾಡಿದಾಗಲೆಲ್ಲ ನೀವು "ಹೂಂ ಕಣಮ್ಮ, ಎಲ್ಲಾ ಚೆನ್ನಾಗಿದೀರಾ, ಸರಿ" ಎಂದು ನಾನು ಬಾಯಿ ಬಿಡುವಷ್ಟರಲ್ಲಿ ಅಕ್ಕನ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವಾದರೆ ನೀವು ಕೊನೆಯ ಅಕ್ಷರದವರೆಗೂ ಓದುತ್ತೀರಿ, ನನ್ನ ತಪ್ಪು ಹುಡುಕುವುದಕ್ಕಾದರೂ ಓದುತ್ತೀರಿ. ತಮಿಳು ಶಾಲೆಯಲ್ಲಿ ಓದಿ ಬಂದವಳಿಗೆ ಮದುವೆಯಾದ ವರ್ಷ ಮೊರದಲ್ಲಿ ರಾಗಿ ಹರಡಿ ಕನ್ನಡ ಅಕ್ಷರ ತಿದ್ದಿಸಿದವರು ನೀವೇ ಅಲ್ಲವೇ. ಈಗ ಅನುಭವಿಸಿ.

ನಾವು ಇಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆಯಲು ಕೈ ಬರುತ್ತಿಲ್ಲ, ಅದಕ್ಕೆ ಇದ್ದೇವೆ ಎಂದಿದ್ದೇನೆ. ದಿವ್ಯ ನಾಲ್ಕನೇ ಕ್ಲಾಸು, ಅವಳದೂ ತಮಿಳು ಶಾಲೆಯೇ. ನೀವು ಹೋಗುವಾಗ ಅವಳಿಗೆ 'ಣ'ವರೆಗೆ ಬರೆಸಿದ್ದಿರಿ, ಅಲ್ಲಿಗೇ ನಿಂತಿದ್ದಾಳೆ. ನಾನು ಮುಂದಕ್ಕೆ ಬರೆಸಲು ಹೋದರೆ, "ತಾತ ಬಂದು ಹೇಳ್ಕೊಡ್ಲಿ, ನಿಂಗೆ ಬರಲ್ಲ" ಅನ್ನುತ್ತಾಳೆ. ನಾನು ಜೂನ್ ತಿಂಗಳಿಂದ ರಾಯಕೋಟೆ ರಸ್ತೆಯ ಗುಲಾಬಿ ಗ್ರೀನ್‌ಹೌಸಿಗೆ ಹೋಗುತ್ತಿದ್ದೇನೆ. ಪಕ್ಕದ ಮೊಗ್ಗು ಚಿವುಟುವ ಕೆಲಸ. ಒಂದು ಕಡ್ಡಿಗೆ ಒಂದೇ ಹೂ ಬಿಡಬೇಕು, ಉಳಿದದ್ದನ್ನೆಲ್ಲ ಕೈಯಲ್ಲಿ ಮುರಿಯಬೇಕು. ಒಳಗೆ ಒಂದು ಜೇನ್ನೊಣವೂ ಇಲ್ಲ. ಹಳದಿ ಅಂಟು ಹಾಳೆ ತೂಗುಹಾಕಿದ್ದಾರೆ, ಹಾರಿ ಬಂದದ್ದೆಲ್ಲ ಅದಕ್ಕೆ ಅಂಟಿ ಸಾಯುತ್ತದೆ. ಮೊದಲಾಗಿದ್ದರೆ ಆ ಕೆಲಸ ನನಗೆ ಆಗುತ್ತಿರಲಿಲ್ಲ. ಈಗ ಆಗುತ್ತದೆ. ಏನೂ ಅನ್ನಿಸುವುದಿಲ್ಲ, ಬೆರಳು ತಾನಾಗಿ ನಡೆಯುತ್ತದೆ, ಸಂಜೆಯಾಗುತ್ತದೆ.

ನಾನು ಅಳಲಿಲ್ಲ ಎಂದು ಊರಲ್ಲಿ ಮಾತಾಡಿದ್ದು ನಿಮ್ಮ ಕಿವಿಗೂ ಬಿದ್ದಿರುತ್ತದೆ. ನಿಜವೇ, ಅಳಲಿಲ್ಲ. ವೈಶಾಖದ ಆ ದಿನ ಫ್ಯಾಕ್ಟರಿ ಬಸ್ಸಿನಲ್ಲಿ ನಮ್ಮ ಮನೆಯವರು ಕಿಟಕಿಗೆ ತಲೆಯಿಟ್ಟು ಮಲಗಿದ್ದಾರೆ ಎಂದು ಎಲ್ಲರೂ ಸುಮ್ಮನಿದ್ದರಂತೆ, ಕಡೇ ಸ್ಟಾಪಿನಲ್ಲಿ ಡ್ರೈವರು ಎಬ್ಬಿಸಲು ಹೋದಾಗಲೇ ಗೊತ್ತಾದದ್ದಂತೆ. ಅದನ್ನು ಕೇಳಿದಾಗ ನನಗೆ ಅನ್ನಿಸಿದ್ದು ಒಂದೇ, ಅವರ ಊಟದ ಡಬ್ಬಿ ಯಾರು ತಂದುಕೊಟ್ಟಾರು ಎಂದು. ಇಂಥವಳು ಹೆಂಗಸೇ ಎಂದು ನನಗೇ ಹೇಸಿಗೆಯಾಯಿತು. ನೀವು ಮಾತ್ರ ನನ್ನನ್ನು ಏನೂ ಅನ್ನಲಿಲ್ಲ. ನಿಮ್ಮನ್ನು ನೀವೇ ಬೈದುಕೊಂಡಿರಿ. ಬೆಳಗ್ಗೆ ಐದಕ್ಕೆ ಅವರು "ಎದೆ ಯಾಕೋ ಹಿಡ್ಕಂಡಂಗದೆ ಅಪ್ಪಾ" ಎಂದಾಗ ನೀವು ಓಮದ ನೀರು ಕುಡಿಸಿ, "ಗ್ಯಾಸು ಕಣ್ಲಾ ವೇಣು, ಸ್ವಾಮಿ ನೋಡ್ಕತಾನೆ, ಹೋಗ್ಬಾ" ಎಂದು ಕಳಿಸಿದಿರಿ. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಭಜನೆಯ ತಾಳವನ್ನು ಪಂಚೆಯಲ್ಲಿ ಸುತ್ತಿ ಅಟ್ಟಕ್ಕಿಟ್ಟು, "ಅವ್ನ ದಾರಿ ನಂಗೆ ತಿಳೀನಿಲ್ಲ ಕಣಮ್ಮ. ತಿಳೀದೇ ಇದ್ರೂ ತಿಳ್ದಂಗೆ ಆಡಿ ಮಗನ್ನ ಕಳಿಸ್ಬುಟ್ಟೆ" ಎಂದಿರಿ. ಸಂಜೆಯೇ ಅಕ್ಕನ ಜೊತೆ ಹೊರಟಿರಿ. ನಾನು ಬಾಗಿಲಲ್ಲಿ ನಿಂತಿದ್ದೆ. ಒಂದು ಮಾತು ಆಡಬೇಕಿತ್ತು, ಆಡಲಿಲ್ಲ.

ಈಗ ಬೈಗುಳ ತಿನ್ನುವ ಸುದ್ದಿ. ಆಷಾಢದಲ್ಲಿ ಮಳೆ ಬಂತು. ಪಕ್ಕದ ಹೊಲದ ಬೋರಯ್ಯ ತಾನೇ ಬಂದು, "ಹೊಲ ಬೀಳು ಬಿಡ್ಬಾರ್ದು ಕಣಮ್ಮಿ, ಎತ್ತು ತತ್ತೀನಿ" ಎಂದ. ಅವನು ಕೂರಿಗೆ ಹಿಡಿದು ರಾಗಿ ಬಿತ್ತುತ್ತಾ ಹೋದ. ಕೂರಿಗೆಯ ಹಿಂದೆ ಕಟ್ಟಿದ ಸಡ್ಡೆಯ ಬಿದಿರ ಕೊಳವೆಗೆ ಅಕ್ಕಡಿ ಕಾಳು ಬಿಡುತ್ತಾ ನಾನು ನಡೆದೆ. ಇಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ ಎಂದು ನೀವು ಬಿಡುತ್ತಿದ್ದಿರಲ್ಲ, ಅದೇ ಕೆಲಸ. ಅಟ್ಟದಲ್ಲಿ ಎರಡು ಮಡಕೆ ಇದ್ದವು, ಎರಡರಲ್ಲೂ ಮೇಲೆ ಬೂದಿ. ಕೈಗೆ ಸಿಕ್ಕಿದ್ದನ್ನು ಇಳಿಸಿಕೊಂಡೆ. ನೋಡಲಿಲ್ಲ. ಆ ದಿನಗಳಲ್ಲಿ ನಾನು ಯಾವುದನ್ನೂ ನೋಡುತ್ತಿರಲಿಲ್ಲ ಮಾವ. ನಾಲ್ಕು ಸಾಲು ಮುಗಿಯುವ ಹೊತ್ತಿಗೆ ಬೋರಯ್ಯನ ಹೆಂಡತಿ ಅಂಜಮ್ಮ ಬುತ್ತಿ ತಂದಳು. ಮಡಿಲಲ್ಲಿದ್ದ ಕಲಬೆರಕೆ ಕಾಳು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡು, "ಅಯ್ಯಯ್ಯೋ, ಹಕ್ಕಿ ಮಡಕೆಗೆ ಕೈ ಹಾಕ್ಬುಟ್ಯಲ್ಲಮ್ಮೀ!" ಎಂದಳು.

ಹೌದು, ಅದೇ ಮಡಕೆ. ಪ್ರತಿ ಕೊಯ್ಲಿನಲ್ಲೂ ಹಕ್ಕಿಗೆ ಎಂದು ನೀವು ಒಂದು ಸಾಲು ಕೊಯ್ಯದೆ ಬಿಡುತ್ತೀರಿ. ಅವು ತಿಂದು ಉಳಿದದ್ದನ್ನು ಸಂಕ್ರಾಂತಿ ಕಳೆದ ಮೇಲೆ ಆರಿಸಿ ಆ ಮಡಕೆಯಲ್ಲಿಡುತ್ತೀರಿ. ಹೊಲ ಬರಿದಾಗಿರುವ ಆಷಾಢದಲ್ಲಿ ದಿನಕ್ಕೊಂದು ಹಿಡಿ ಅಂಗಳಕ್ಕೆ ಚೆಲ್ಲುತ್ತೀರಿ. ಅದನ್ನು ಮನೆಯವರು ತಿನ್ನುವಂತಿಲ್ಲ, ಬಿತ್ತುವಂತಿಲ್ಲ. ಒಂದು ಸಲ ನಾನು ಅದರಿಂದ ಅಲಸಂದೆ ತೆಗೆದು ಪಲ್ಯ ಮಾಡಲು ಹೋದಾಗ, "ಅವ್ನು ಇರುವೆ ಬಾಯಿ ಅಳತೇನೂ ನೋಡಿ ಕಾಳು ಮಾಡ್ಯವ್ನೆ, ನೀನು ನಿನ್ನ ಬಾಣಲಿ ಅಳತೆ ಮಾತ್ರ ನೋಡ್ತೀಯಲ್ಲಮ್ಮ" ಎಂದು ನಕ್ಕಿದ್ದಿರಿ. ಈಗ ಹಕ್ಕಿಗಳ ಕೂಳನ್ನೇ ಮಣ್ಣಿಗೆ ಹಾಕಿದ್ದೆ. ಅಂಗಳಕ್ಕೆ ಬಂದ ಗುಬ್ಬಿಗಳಿಗೆ ಆ ಸಲ ಏನೂ ಇಲ್ಲ. ಹೋಗಲಿ, ಸರಿಯಾದ ಬಿತ್ತನೆ ಮಡಕೆಯಾದರೂ ಇತ್ತಲ್ಲ ಎನ್ನುವಿರಿ. ಅದರ ಅವರೆಯನ್ನು ಬೂದಿ ತೊಳೆದು ನಾನೂ ದಿವ್ಯಾನೂ ಸಾರು ಮಾಡಿ ಉಂಡೆವು. ಹೊಲದಲ್ಲಿ ಒಂದು ತಪ್ಪು, ಒಲೆಯ ಮೇಲೆ ಒಂದು ತಪ್ಪು. ಬೈದುಬಿಡಿ.

ಮೊಳಕೆ ಬಂದ ಮೇಲೆ ನೋಡಬೇಕಿತ್ತು ನೀವು. ಜೋಳ ಒಂದು ಕಡೆ, ನವಣೆ ಒಂದು ಕಡೆ, ನಡುವೆ ಹುಚ್ಚೆಳ್ಳು, ಸಜ್ಜೆ, ಎಲ್ಲೋ ಒಂದೊಂದು ಅವರೆ. ಊರಿನವರೆಲ್ಲ ಬದುವಿನ ಮೇಲೆ ನಿಂತು ನಕ್ಕು ಹೋದರು. ನನಗೆ ನಗುವೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಆದರೆ ಒಂದು ವಿಷಯ ಹೇಳುತ್ತೇನೆ. ಬೆಳಗ್ಗೆ ಹೊಲದ ಮೂಲೆಯಲ್ಲಿ ನೀವು ಚಪ್ಪಲಿ ಬಿಟ್ಟು, ಒಳಗೆ ಕಾಲಿಡುವ ಮುಂಚೆ "ಏನಪ್ಪಾ ಸ್ವಾಮಿ, ಇವತ್ತು ಏನ್ ತೋರಿಸ್ತೀಯ, ಏನ್ ಕಲಿಸ್ತೀಯ?" ಎಂದು ಕೇಳುತ್ತಿದ್ದಿರಲ್ಲ, ಯಾರೋ ಎದುರಿಗೆ ನಿಂತಿರುವ ಹಾಗೆ. ನಾನು ನಿಮ್ಮ ಹಿಂದೆ ಸಗಣಿ ಪುಟ್ಟಿ ಹೊತ್ತು ನಿಂತು ಯಾವಾಗ ಮುಗಿಯುತ್ತದಪ್ಪಾ ಎಂದುಕೊಳ್ಳುತ್ತಿದ್ದೆ. ಶ್ರಾವಣದಲ್ಲಿ ಒಂದು ದಿನ ಕೆಲಸಕ್ಕೆ ಹೋಗುವ ಮುಂಚೆ ನಾನೂ ಅಲ್ಲಿ ಚಪ್ಪಲಿ ಬಿಟ್ಟು ಕೇಳಿದೆ. ಭಕ್ತಿಯಿಂದಲ್ಲ, ಸುಳ್ಳು ಯಾಕೆ ಹೇಳಲಿ. ಆ ಮೂಲೆಯಲ್ಲಿ ಯಾರೂ ಮಾತಾಡದೆ ಬಹಳ ದಿನವಾಯಿತು ಅನ್ನಿಸಿತು, ಅಷ್ಟೆ. ಮಾರನೇ ದಿನವೂ ಕೇಳಿದೆ. ಈಗ ಬಿಡದೆ ಕೇಳುತ್ತೇನೆ. ಮನಸ್ಸು ಮರದ ತುಂಡಿನ ಹಾಗೇ ಇದೆ, ಬಾಯಿ ಮಾತ್ರ ಕೇಳುತ್ತದೆ. ಹಾಗೆ ಕೇಳಿದರೂ ಅವನಿಗೆ ಕೇಳಿಸುತ್ತದೆಯೇ? ನಿಮಗಾದರೆ ಗೊತ್ತಿರುತ್ತಿತ್ತು.

ಕೇಳಿಕೊಂಡು ಒಳಗೆ ಹೋದರೆ ನೋಡದೆ ಇರಲು ಆಗುವುದಿಲ್ಲ, ಅದೊಂದು ಕಾಟ. ಭಾದ್ರಪದ ಕಳೆಯುತ್ತಲೇ ಸುತ್ತಲ ಹೊಲಗಳ ಅವರೆಗೆಲ್ಲ ಹಸಿರು ಹುಳ ಬಿತ್ತು. ನಮ್ಮದಕ್ಕೂ ಬಿತ್ತು. ಆದರೆ ನಮ್ಮ ಜೋಳದ ಕಡ್ಡಿಗಳ ಮೇಲೆ ಕಾಜಾಣ, ಗೊರವಂಕ ಸಾಲಾಗಿ ಕೂತು, ಇಳಿದು, ಹುಳ ಕಚ್ಚಿಕೊಂಡು ಮತ್ತೆ ಹೋಗಿ ಕೂರುತ್ತಿದ್ದವು. ನಾವು ಔಷಧಿ ಹೊಡೆಯಲಿಲ್ಲ, ನನಗೆ ಅಷ್ಟು ಚುರುಕೂ ಇರಲಿಲ್ಲ. ಆಮೇಲೆ ಬಾವಿಯ ಮೇಲಿನ ಈಚಲಿಗೆ ಗೀಜಗಗಳು ಬಂದವು. ನಮ್ಮ ಜೋಳದ ಗರಿಯನ್ನೇ ಉದ್ದಕ್ಕೆ ಸೀಳಿಕೊಂಡು ಹೋಗಿ ಗೂಡು ನೇಯುತ್ತಿದ್ದವು. ಒಂದು ಗಂಡು ಹಕ್ಕಿ ಅರ್ಧ ನೇಯ್ದ ಗೂಡು ಗಾಳಿಗೆ ಬಾವಿಯಲ್ಲಿ ಬಿತ್ತು. ಅದು ಬಾವಿಗೆ ಒಂದು ಸುತ್ತು ಹಾಕಿತು. ಆಮೇಲೆ ಹೋಗಿ ಇನ್ನೊಂದು ಎಳೆ ತಂತು, ಅದೇ ಈಚಲ ಗರಿಗೆ ಗಂಟು ಹಾಕಿತು. ದಿವ್ಯ ಕೇಳಿದಳು, "ಅಮ್ಮಾ, ಅದಕ್ಕೆ ಗಂಟು ಹಾಕೋದು ಯಾರು ಹೇಳ್ಕೊಟ್ರು?" ನನಗೆ ಗೊತ್ತಿಲ್ಲ, ತಾತನ್ನ ಕೇಳು ಎಂದೆ. "ತಾತ ದೇವ್ರ ಮೇಲೆ ಕೋಪ ಮಾಡ್ಕಂಡವ್ರಲ್ಲ" ಎಂದಳು. ಮಗುವಿಗೂ ಗೊತ್ತು ನೋಡಿ.

ನನಗೆ ಅವನ ಮೇಲೆ ಕೋಪವೂ ಬರಲಿಲ್ಲ ಮಾವ. ಒಂದು ಗೂಡಿನ ಹಕ್ಕಿಗೆ ಅಷ್ಟು ಕಲಿಸಿ, ಹುಳ ಹುಟ್ಟುವ ಹೊತ್ತಿಗೆ ಸರಿಯಾಗಿ ಕಾಜಾಣವನ್ನು ಕಳಿಸಿದವನು, ನಮ್ಮ ಮನೆಯವರನ್ನು ಬಸ್ಸಿನ ಸೀಟಿನಲ್ಲಿ ಹಾಗೆ ಯಾಕೆ ಬಿಟ್ಟ ಎಂದು ಕೇಳಬೇಕು. ಕೇಳುತ್ತೇನೆ, ಅವನು ಇನ್ನೂ ಹೇಳಿಲ್ಲ. ಆದರೆ ನನ್ನ ತಪ್ಪು ಕೈಯಿಂದ ಬಿದ್ದ ಕಾಳನ್ನೂ ಅವನು ಬೇಡ ಎನ್ನಲಿಲ್ಲ, ಒಂದೊಂದನ್ನೂ ಅದರದರ ಗುಣಕ್ಕೆ ತಕ್ಕಂತೆ ಎಬ್ಬಿಸಿದ. ಇಷ್ಟು ಮಾತ್ರ ಕಣ್ಣಿಂದ ನೋಡಿದ್ದೇನೆ. ಇದಕ್ಕಿಂತ ಹೆಚ್ಚು ತಿಳಿಯಬೇಕು ಎಂದು ಆಸೆಯಾಗುತ್ತದೆ. ಆರು ತಿಂಗಳಲ್ಲಿ ನನಗೆ ಆಸೆ ಎಂದು ಆದದ್ದು ಇದೊಂದೇ. ಹೇಳಿಕೊಡುವವರು ಅವಲಪಲ್ಲಿಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ ಎಂದು ಅಕ್ಕ ಹೇಳುತ್ತಾರೆ.

ರಾಗಿ ತೆನೆ ಬಲಿತಿದೆ. ಅಮಾವಾಸ್ಯೆ ಗುರುವಾರ. ಅದು ಕಳೆದು ಶುಕ್ರವಾರ ಕೊಯ್ಲು ಎಂದು ಬೋರಯ್ಯ ಆಳುಗಳಿಗೆ ಹೇಳಿದ್ದಾನೆ. ನಾಳೆ ಕಡೇ ಕಾರ್ತಿಕ ಸೋಮವಾರ, ಬಾವಿ ಕಟ್ಟೆಯ ಮೇಲೆ ದೀಪ ಇಡುತ್ತೇನೆ. ನಿಮ್ಮ ಹೆಸರಿನಲ್ಲೂ ಒಂದು ಇಡುತ್ತೇನೆ, ಬೇಡ ಎಂದರೂ ಇಡುತ್ತೇನೆ. ಗಂಗರತ್ನಕ್ಕನಿಗೂ ಭಾವನಿಗೂ ನಮಸ್ಕಾರ ಹೇಳಿ. ದಿವ್ಯ ನಿಮಗೆ ಒಂದು ಮುತ್ತು ಕಳಿಸಿದ್ದಾಳೆ, ಜೊತೆಗೆ ಒಂದು ಗೀಜಗನ ಗೂಡು. ಕೆಳಗೆ ಬಿದ್ದಿದ್ದು, ಕಿತ್ತದ್ದಲ್ಲ.

ನಿಮ್ಮ ಪಾದಕ್ಕೆ ನಮಸ್ಕರಿಸುವ ಸೊಸೆ,
ಪವಿತ್ರ

ಮರೆತೆ: ನನ್ನ ಅಣ್ಣ ಮಾದೇಶ ಕಾಗದ ಒಯ್ಯಲು ಬಂದು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ವೈಶಾಖದ ಆ ದಿನಕ್ಕೆ ಹಿಂದಿನ ಸಂಜೆಯೇ ನಮ್ಮ ಮನೆಯವರು ನನಗೆ ಹೇಳಿದ್ದರು ಮಾವ. ಎದೆ ನೋಯ್ತದೆ, ನಾಳೆ ರಜ ಹಾಕಿ ಹೊಸೂರಿಗೆ ಹೋಗಿ ತೋರಿಸ್ಕೊಂಬರ್ಲಾ ಎಂದು ಕೇಳಿದ್ದರು. ಆ ಶನಿವಾರ ಆಲಸನತ್ತಂನಲ್ಲಿ ಮಾದೇಶನ ಮನೆಯ ಗೃಹಪ್ರವೇಶ, ಇದ್ದದ್ದು ಒಂದೇ ರಜ. ಅದನ್ನು ಈಗಲೇ ಹಾಕಬೇಡಿ, ಭಾನುವಾರ ತೋರಿಸಿದರಾಯಿತು ಎಂದವಳು ನಾನು. ನೀವು ಬೆಳಗ್ಗೆ ಹೋಗ್ಬಾ ಎಂದು ಕಳಿಸಿದ್ದು, ನಾನು ಆಗಲೇ ಹೊರಡಿಸಿದ್ದವರನ್ನು. ಬಾಗಿಲಲ್ಲಿ ನಿಂತು ಆಡದೆ ಉಳಿಸಿಕೊಂಡ ಮಾತು ಇದೇ. ಆರು ತಿಂಗಳು ನಿಮ್ಮ ಒಬ್ಬರ ತಲೆಯ ಮೇಲೆ ಹೊರಿಸಿ ಸುಮ್ಮನಿದ್ದೆ. ಮಾದೇಶನಿಗೆ ಹೇಳಬೇಡಿ, ಪಾಪ ಆ ಮನೆಯಲ್ಲಿ ಅವನು ಬಾಳಬೇಕು. ಇದನ್ನು ಓದಿದ ಮೇಲೂ ನನ್ನ ಮುಖ ನೋಡಬಹುದು ಅನ್ನಿಸಿದರೆ ಗುರುವಾರ ಸಂಜೆಯ ಬಸ್ಸಿಗೆ ಬನ್ನಿ. ಹಕ್ಕಿ ಸಾಲು ಯಾವ ಕಡೆಯಿಂದ ಬಿಡಬೇಕು, ನನಗೆ ಗೊತ್ತಿಲ್ಲ. ನೀವು ಬಂದು ತೋರಿಸುವವರೆಗೆ ಕುಡುಗೋಲು ಮುಟ್ಟುವುದಿಲ್ಲ.