ಕಣ್ಣಿನ ಉಳಿ

ಅಪ್ಪಾ,

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದ ಮೇಲೆ ನಿನ್ನ ಕ್ಷೇಮ ಕೇಳುವುದು ಹೇಗೆಂದು ತಿಳಿಯದೆ ಎರಡು ಹಾಳೆ ಹರಿದೆ. ನಿನ್ನೆ ನಿನ್ನ ವರ್ಷಾಂತಿಕ ಮುಗಿಯಿತು. ಬಂದವರೆಲ್ಲ ಉಂಡು, ನಿನ್ನ ಕೆತ್ತನೆಯನ್ನು ಹೊಗಳಿ, ನಿನ್ನ ಹಠವನ್ನು ಮೆಲ್ಲಗೆ ಆಡಿಕೊಂಡು ಹೋದರು. ಜರ್ಮನಿಯ ಆ ಕೋಟೆಯಲ್ಲಿ ನಾನು ಏನು ಮಾಡಿ ಬಂದೆ ಎಂಬುದನ್ನು ಇನ್ನೂ ಯಾರಿಗೂ ಹೇಳಿಲ್ಲ. ಮೊದಲು ನಿನಗೇ ಹೇಳಬೇಕು. ಕಳಿಸಿದವನು ನೀನೇ ಅಲ್ಲವೇ?

ಅಮ್ಮ ಹೋದ ನಾಲ್ಕನೆಯ ದಿನ ನಿನಗೆ ನೆನಪಿದೆ. ನನಗಾಗ ಹನ್ನೊಂದು ವರ್ಷ. ಯಲ್ಲಾಪುರದ ಕಾಡಿಗೆ ಹುಲಿ ಬೇಟೆಗೆ ಬಂದಿದ್ದ ಜರ್ಮನ್ ದೊರೆ ನಿನ್ನ ಕೈಯಿಂದ ಗಂಧದ ಪೆಟ್ಟಿಗೆ ಮಾಡಿಸಿದ್ದ. ಮುಚ್ಚಳದ ಮೇಲೆ ಗಜಲಕ್ಷ್ಮಿ. ಆನೆ, ಕಮಲ, ಸರದ ಒಂದೊಂದು ಮಣಿ, ಎಲ್ಲ ಮುಗಿದು ದೇವಿಯ ಎರಡು ಕಣ್ಣು ಮಾತ್ರ ಉಳಿದಿತ್ತು. ನಮ್ಮಲ್ಲಿ ಕಣ್ಣು ಕಡೆಯ ಕೆಲಸ. ಮಿಂದು, ಬರಿಹೊಟ್ಟೆಯಲ್ಲಿ, ಅದಕ್ಕೆಂದೇ ಬಟ್ಟೆಯಲ್ಲಿ ಸುತ್ತಿಟ್ಟ ಸಣ್ಣ ಉಳಿಯಿಂದ ತೆರೆಯಬೇಕು. ಸೂತಕದ ಕೈ ದೇವರನ್ನು ಮುಟ್ಟುವಂತಿಲ್ಲ. ದೊರೆಯ ಹಡಗು ಕಾಯುವಂತಿರಲಿಲ್ಲ. ಕಾರು ಮನೆಯ ಮುಂದೆ ನಿಂತಿತ್ತು. ಜೊತೆಗೆ ಬಂದ ಗುಮಾಸ್ತ, "ಕಣ್ಣೊಂದು ಇಲ್ಲದಿದ್ರೆ ಪೆಟ್ಟಿಗೆ ಮುಚ್ಚೂದಿಲ್ವೇನೋ? ಕೊಡೋ" ಎಂದು ನಕ್ಕ. ನೀನು "ಹನ್ನೊಂದನೇ ದಿನ ಬರ್ಲಿ, ಕೊಡ್ತೆ" ಎಂದೆ. ಪೆಟ್ಟಿಗೆ ಹೋಯಿತು. ಎಷ್ಟೋ ಹೊತ್ತಿನ ಮೇಲೆ ಮೊಣಕಾಲವರೆಗೆ ಕೆಂಪು ಧೂಳು ಮೆತ್ತಿಕೊಂಡು ಬಂದು ಜಗಲಿಯಲ್ಲಿ ಕುಳಿತೆಯಲ್ಲ, ಎಲ್ಲಿಗೆ ಹೋಗಿದ್ದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ನಿನ್ನ ಕಣ್ಣು ಮಂಜಾಗತೊಡಗಿದಾಗ ಶಿರಸಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದವನು ನಾನು. ಅವರು ಟಾರ್ಚು ಬಿಟ್ಟು ನೋಡಿ, "ಪೊರೆ ಬಂದದೆ, ತೆಗೆಸಿದ್ರೆ ಕಾಣ್ತದೆ" ಎಂದರು. ನೀನು ಎದ್ದು ಹೆಗಲಿಗೆ ಪಂಚೆ ಹಾಕಿಕೊಂಡೆ. "ದೇವಿ ಕಣ್ಣು ತೆರೀದೆ ಕಳಿಸ್ದೆ. ಅವಳು ನನ್ನ ಕಣ್ಣು ಮುಚ್ಚಿದ್ಳು. ಮೊದ್ಲು ಅವಳದ್ದು ಆಗ್ಲಿ." ಬಸ್ಸಿನಲ್ಲಿ ಸಿದ್ದಾಪುರದವರೆಗೂ ನಾನು ಬೇಡಿಕೊಂಡೆ. ಹಠದಲ್ಲಿ ನಿನ್ನನ್ನು ಗೆದ್ದವರುಂಟೇ? ಆಮೇಲೆ ಒಂಬತ್ತು ವರ್ಷ ಮರವನ್ನು ಮೂಸಿ, ಬೆರಳಲ್ಲಿ ಸವರಿ, ನನ್ನ ಕೆಲಸದ ತಪ್ಪು ಹುಡುಕಿ ಬೈದೆ. ತಪ್ಪು ಇರುತ್ತಿತ್ತು, ಒಪ್ಪುತ್ತೇನೆ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಏಳೆಂಟು ವರ್ಷವಾಗಿತ್ತು. ಜರ್ಮನಿಯ ಪ್ರದರ್ಶನದಲ್ಲಿ ಜನರೆದುರು ಕುಳಿತು ಕೆತ್ತುವುದಕ್ಕೆ ಸರಕಾರದವರು ನನ್ನನ್ನು ಆರಿಸಿದರು. ಊರಿಗೆಲ್ಲ ಸಂಭ್ರಮ. ನೀನು ಮಾತ್ರ ತಡಕಾಡಿ ನಿನ್ನ ಉಳಿಗಳ ಪೆಟ್ಟಿಗೆಯ ತಳದಿಂದ ಕಣ್ಣಿನ ಉಳಿಯನ್ನೂ, ದೊರೆ ತನ್ನ ಊರಿನ ಹೆಸರು ಬರೆದುಕೊಟ್ಟಿದ್ದ ಚೀಟಿಯನ್ನೂ ತೆಗೆದೆ. ಮೂವತ್ತು ವರ್ಷ ಅದನ್ನು ಇಟ್ಟುಕೊಂಡಿದ್ದೆಯಲ್ಲ ಅಪ್ಪ! ಬಸ್ಸು ಹೊರಡುವಾಗ ನನ್ನ ಮೊಣಕೈ ಹಿಡಿದು, "ನನ್ನ ಜೀವ ಇರೂದ್ರೊಳಗೆ ತೆರೆದು ಬಾ" ಎಂದೆ. ಚೆನ್ನಾಗಿರು, ಹುಷಾರಾಗಿ ಹೋಗು, ಅದೊಂದನ್ನೂ ಹೇಳಲಿಲ್ಲ.

ಊರು ಹುಡುಕಿಕೊಟ್ಟವರು ಕುಲಕರ್ಣಿ. ಧಾರವಾಡದವರು, ಅಲ್ಲಿ ಓದುತ್ತಿದ್ದರು, ಪ್ರದರ್ಶನದಲ್ಲಿ ನಮಗೆ ದುಭಾಷಿ. ಚೀಟಿ ನೋಡಿ, "ರೈಲಿನ್ಯಾಗ ಎರಡು ತಾಸಿನ ಹಾದಿ, ಬರ್ರಿ ಹೋಗೂಣು" ಎಂದರು. ಸಣ್ಣ ಊರು. ಕಲ್ಲು ಹಾಸಿದ ಓಣಿಗಳು, ಒಂದಕ್ಕೊಂದು ಆತುಕೊಂಡ ಹಳೆಯ ಮನೆಗಳು, ಕೆಳಗೆ ಹೊಳೆ, ಮೇಲೆ ಗುಡ್ಡದ ತುದಿಯಲ್ಲಿ ದೊರೆಯ ಕೋಟೆ. ಇಗರ್ಜಿಯ ಗೋಡೆಗೆ ಯುದ್ಧದಲ್ಲಿ ಸತ್ತವರ ಹೆಸರು ಕೊರೆದ ಕಲ್ಲು ಹಾಕಿದ್ದರು. ಅಷ್ಟು ಸಣ್ಣ ಊರಿಗೆ ಅಷ್ಟುದ್ದದ ಪಟ್ಟಿ! ಕೊರೆದವನ ಕೈ ಒಳ್ಳೆಯದು ಎಂದು ಮೊದಲು ಅನ್ನಿಸಿತು. ಆಮೇಲೆ ನಾಚಿಕೆಯಾಯಿತು.

ಕೋಟೆಯನ್ನು ಟಿಕೆಟು ತೆಗೆದುಕೊಂಡು ನೋಡಬೇಕು. ಕೈದಿಗಳನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದ ಬಾವಿಯಂಥ ಕತ್ತಲೆಕೋಣೆಯನ್ನು ಮೊದಲು ತೋರಿಸಿದರು. ನಮ್ಮಲ್ಲಿ ದನ ಕಟ್ಟುವುದಕ್ಕೂ ಮನಸ್ಸು ಬಾರದ ಜಾಗ, ಜನ ಸಾಲು ನಿಂತು ಇಣುಕುತ್ತಿದ್ದರು. ನನಗೂ ಬಗ್ಗಿ ನೋಡಲು ಹೇಳಿದರು. ಏನೂ ಕಾಣಲಿಲ್ಲ, ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ನೀನು ಹಗಲಿರುಳು ಕಾಣುತ್ತಿದ್ದದ್ದು ಇದನ್ನೇ ಅಲ್ಲವೇ ಎಂದುಕೊಂಡೆ. ಅಲ್ಲಿಂದ ಮೆಟ್ಟಿಲು ಹತ್ತಿದರೆ ದೊರೆಯ ಕೋಣೆ. ಗೋಡೆಯ ತುಂಬ ನಮ್ಮ ಕಾಡಿನ ಕಡವೆಯ ಕೊಂಬು, ಹುಲಿಯ ತಲೆ. ಕಿಟಕಿಯ ಹತ್ತಿರ ಮೇಜಿನ ಮೇಲೆ ನಿನ್ನ ಪೆಟ್ಟಿಗೆ.

ಅವಳ ಮುಖ ಹಾಗೇ ಇತ್ತು ಅಪ್ಪ. ರೆಪ್ಪೆಯ ಕೆಳಗೆ ನುಣ್ಣನೆಯ ಮರ. ಆನೆಗಳಿಗೆ ಕಣ್ಣಿದೆ, ಅವಳಿಗಿಲ್ಲ. ನಾನು ಮಕ್ಕಳ ಹಾಗೆ ಅತ್ತುಬಿಟ್ಟೆ. ಟಿಕೆಟು ಕೊಟ್ಟಿದ್ದ ಕಪ್ಪು ಬಟ್ಟೆಯ ಮುದುಕಿ ಹಿಂದೆಯೇ ಬಂದಿದ್ದಳು. ಅವಳೇ ದೊರೆಯ ಹೆಂಡತಿ. ದೊರೆ ಯುದ್ಧದಲ್ಲಿ ಸತ್ತ, ಮಗ ತಿರುಗಿ ಬರಲೇ ಇಲ್ಲ. ಮಗ ರಣರಂಗದಿಂದ ಬರೆದ ಕಾಗದಗಳನ್ನು ನಿನ್ನ ಪೆಟ್ಟಿಗೆಯಲ್ಲೇ ಇಟ್ಟಿದ್ದಳು. ಕಣ್ಣು ತೆರೆಯುತ್ತೇನೆ ಎಂದರೆ ಒಪ್ಪಲಿಲ್ಲ. ಗಂಡ ಬಿಟ್ಟುಹೋದದ್ದು ಇದ್ದ ಹಾಗೇ ಇರಲಿ ಎಂದಳು.

ನಾನು ನಿನ್ನ ಕಥೆ ಹೇಳಿದೆ. ಅವಳು ಏನೋ ಕೇಳಿದಳು. ಕುಲಕರ್ಣಿ ನನ್ನ ಮುಖ ನೋಡಿದರು. "ಒಬ್ಬಾಂವ ಕಾರಿನ ಹಿಂದ ಕೂಗಿಕೋತ ಓಡಿ ಬಂದಿದ್ದನಂತ. ಯಾಕಂತ ಇವರ ಯಜಮಾನರಿಗೆ ಕಡೀತನಕ ತಿಳೀಲಿಲ್ಲಂತ. ಅಂವ ನಿಮ್ಮ ತಂದೆ ಏನ್ರಿ?" ಮೊಣಕಾಲಿನ ಆ ಧೂಳು... ಕಾರಿನ ಹಿಂದೆ ಎಷ್ಟು ದೂರ ಓಡಿದ್ದೆ ಅಪ್ಪ? ಮುದುಕಿ ಎದ್ದು ಮಗನ ಕಾಗದಗಳನ್ನು ಪೆಟ್ಟಿಗೆಯಿಂದ ತೆಗೆದಳು. ಭಾನುವಾರ ಬೆಳಿಗ್ಗೆ ಬಾ ಎಂದಳು. ಸೋಮವಾರ ನಮ್ಮ ವಿಮಾನ.

ಭಾನುವಾರ ತಣ್ಣೀರಿನಲ್ಲಿ ಮಿಂದು, ಬರಿಹೊಟ್ಟೆಯಲ್ಲಿ ಹೊರಟೆ. ಕೋಟೆಯ ಬಾಗಿಲಲ್ಲಿ ಕುಲಕರ್ಣಿ ನಿಂತಿದ್ದರು, ಕೈಯಲ್ಲಿ ತಂತಿ. "ಕೆಲಸ ಮುಗದ ಮ್ಯಾಲೆ ಹೇಳೂಣಂತ ಇದ್ದೆ. ಮನಸ್ಸು ತಡೀಲಿಲ್ಲ. ನಿಮ್ಮ ತಂದೆ ಹೋದ್ರಂತ್ರಿ." ಅವರ ಮೇಲೆ ಎಂಥ ಸಿಟ್ಟು ಬಂತು ಗೊತ್ತೇ? ದೂರದೂರಿನ ಸಾವಿನ ಸೂತಕ ಸುದ್ದಿ ಕಿವಿಗೆ ಬಿದ್ದ ಮೇಲೆ ತಾನೇ ಶುರು? ಒಂದು ತಾಸು, ಒಂದೇ ತಾಸು ಆ ಕಾಗದ ಅವರ ಜೇಬಿನಲ್ಲೇ ಇದ್ದಿದ್ದರೆ ನನ್ನ ಕೈ ಶುದ್ಧವಾಗಿರುತ್ತಿತ್ತು. ಮೂವತ್ತು ವರ್ಷದ ಹಿಂದೆ ಅಮ್ಮ, ಈಗ ನೀನು.

ಆ ಮೆಟ್ಟಿಲ ಮೇಲೆ ಕುಳಿತು ನಿನ್ನ ಜೊತೆ ಜಗಳವಾಡಿದೆ. ನೀನಾಗಿದ್ದರೆ ಉಳಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಿರುಗಿ ಬರುತ್ತಿದ್ದೆ. ಗೊತ್ತು. ಆದರೆ ಹಾಗೆ ಮಾಡಿಯೇ ಅಲ್ಲವೇ ದೇವಿಯೂ ಕುರುಡಿಯಾದದ್ದು, ನೀನೂ... ಎದ್ದು ಒಳಗೆ ಹೋದೆ. ತೆರೆದ ಕಣ್ಣಿನ ಮೊದಲ ನೋಟ ಬಿದ್ದವರಿಗೆ ಕೇಡೆಂದು ಅದಕ್ಕೆ ಕನ್ನಡಿ ಹಿಡಿಯಬೇಕು, ಕೆತ್ತಿದವನು ಪಕ್ಕಕ್ಕೆ ಸರಿಯಬೇಕು. ನಾನು ಕನ್ನಡಿ ಕೇಳಲಿಲ್ಲ, ಸರಿಯಲೂ ಇಲ್ಲ. ಏನು ಬರುವುದಿದ್ದರೂ ನನಗೇ ಬರಲಿ, ಮುದುಕಿಗೆ ಬೇಡ ಎಂದು ನೇರ ಎದುರಿಗೆ ಕುಳಿತು ತೆರೆದೆ. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಸೂತಕದ ಕೈಯಿಂದಲೇ.

ಬಂದಂದಿನಿಂದ ಪ್ರತಿದಿನ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಿ ನೋಡುತ್ತೇನೆ. ವರ್ಷವಾಗುತ್ತ ಬಂತು. ಒಂದೇ ಸಲಕ್ಕೆ ಹೋಗುತ್ತದೆ. ದೇವಿ ಯಾರ ಕಣ್ಣನ್ನೂ ಕಿತ್ತುಕೊಂಡಿಲ್ಲ ಅಪ್ಪ. ನಿನ್ನ ಕಣ್ಣಿಗೆ ಬಂದದ್ದು ಬರೀ ಪೊರೆ. ಇದನ್ನು ಬರೆಯುವಾಗ ಎದೆ ಒಡೆಯುತ್ತದೆ, ಆದರೂ ಬರೆಯುತ್ತೇನೆ.

ಈಗ ಅಕ್ಕನ ಎಡಗಣ್ಣಿಗೂ ಬಿಳಿ ಬಂದಿದೆ. ನಿನ್ನೆ ಎಡೆ ಬಡಿಸುವಾಗ ಉಪ್ಪಿನ ಬಟ್ಟಲು ಸಿಗದೆ ತಡಕಾಡಿದಳು. ಕೇಳಿದರೆ, "ಅಪ್ಪಂಗೆ ಬಂದದ್ದು ನಂಗೂ ಬಂತು. ದೇವಿ ಮಾಡಿದ್ದಕ್ಕೆ ಎಂತ ಮಾಡೂದು" ಎಂದಳು, ಥೇಟ್ ನಿನ್ನ ದನಿಯಲ್ಲಿ. ನಾಳೆ ಮೊದಲ ಬಸ್ಸಿಗೆ ಅವಳನ್ನು ಶಿರಸಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಸೂತಕದಲ್ಲಿ ಕಣ್ಣು ತೆರೆದ ಸುದ್ದಿಯನ್ನೂ ದಾರಿಯಲ್ಲೇ ಹೇಳುತ್ತೇನೆ. ಡಾಕ್ಟರರ ಮುಂದಿನಿಂದ ಅವಳೂ ಎದ್ದು ಹೊರಟರೆ, ನಿನ್ನನ್ನು ಬಿಟ್ಟ ಹಾಗೆ ಅವಳನ್ನು ಬಿಡುವುದಿಲ್ಲ.

ನಿನ್ನ ಮಗ